ಈ ವಾರ ಬಸವನಗುಡಿಯಲ್ಲಿ

ಬೆಂಗಳೂರಿನ ಒಂದೊಂದು ಭಾಗಕ್ಕೂ ವರ್ಷದಲ್ಲಿ ಅದರದೇ ಆದ ಒಂದು ವಾರವುಂಟು. ಚೈತ್ರ ಪೂರ್ಣಿಮೆ ಬಂತೆಂದರೆ ತಿಗಳರಪೇಟೆಯ ಧರ್ಮರಾಯನ ಗುಡಿಯ ಸುತ್ತ ಕರಗದ ರಾತ್ರಿ. ಆಗಸ್ಟ್ ಮತ್ತು ಜನವರಿ ತಿಂಗಳುಗಳಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಹೂವಿನ ಪ್ರದರ್ಶನ. ಕಾರ್ತೀಕ ಮಾಸದ ಕಡೆಯ ಸೋಮವಾರ ಸಮೀಪಿಸಿತೆಂದರೆ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಉಳಿದ ಐವತ್ತೊಂದು ವಾರ ಈ ಬಡಾವಣೆ ಬೆಂಗಳೂರಿನ ಒಂದು ಭಾಗ. ಈ ಒಂದು ವಾರ ಮಾತ್ರ ಅದು ತನ್ನ ಹಳೆಯ ಹೊಲಗಳ ಗುರುತನ್ನು ಮರಳಿ ತೋರಿಸುತ್ತದೆ.

ಬಡಾವಣೆಯ ಹೆಸರಿನಲ್ಲಿಯೇ ಈ ಮಾತಿಗೆ ಸಾಕ್ಷಿಯಿದೆ. ಬಸವಣ್ಣನ ಗುಡಿ ಮೊದಲು, ಬಸವನಗುಡಿ ಬಡಾವಣೆ ಆಮೇಲೆ. 1898ರಲ್ಲಿ ಪ್ಲೇಗಿನ ಮಾರಿ ಬೆಂಗಳೂರು ಪೇಟೆಯ ಇಕ್ಕಟ್ಟಾದ ಕೇರಿಗಳಿಗೆ ನುಗ್ಗಿದ ಮೇಲೆ, ಗಾಳಿ ಬೆಳಕುಗಳುಳ್ಳ ಹೊಸ ಬಡಾವಣೆಗಳು ಬೇಕೆಂದು ಅಂದಿನ ಸರಕಾರಕ್ಕೆ ಮನವರಿಕೆಯಾಯಿತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಹೀಗೆ ಹುಟ್ಟಿದವು. ನೇರವಾದ ಅಗಲ ಬೀದಿಗಳು, ಮನೆಗೊಂದು ಅಂಗಳ, ಅಂಗಳಕ್ಕೊಂದು ತೆಂಗಿನ ಮರ ಎಲ್ಲವೂ ಬಂದವು. ಆದರೆ ಅವು ಬಂದು ನಿಂತದ್ದು ಬರಿಯ ಬಯಲಿನ ಮೇಲಲ್ಲ. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ಗುಟ್ಟಹಳ್ಳಿ, ಹೊಸಕೆರೆಹಳ್ಳಿ ಎಂಬ ಊರುಗಳು ಈ ಸುತ್ತಿನಲ್ಲಿ ಇದ್ದವು. ಅವುಗಳ ರೈತರು ಇಲ್ಲಿ ಬೆಳೆ ತೆಗೆಯುತ್ತಿದ್ದರು. ಆದುದರಿಂದ ಪರಿಷೆಗೆ ಮೂಟೆ ಹೊತ್ತು ಬರುವ ರೈತನನ್ನು ಹೊರಗಿನವನೆಂದು ತಿಳಿಯುವುದು ಸರಿಯಲ್ಲ. ಅತಿಥಿ ಯಾರು, ಆತಿಥೇಯ ಯಾರು ಎಂಬ ಲೆಕ್ಕವನ್ನು ಈ ವಾರ ಒಮ್ಮೆ ತಿರುವಿ ನೋಡಬೇಕಾಗುತ್ತದೆ.

ಈ ವಾರ ಇಲ್ಲಿ ಏನೇನು ನೋಡಬೇಕು, ಏನೇನು ಮಾಡಬೇಕು ಎಂದು ವಿಚಾರಿಸುವ ಸಂಸಾರಸ್ಥರು ಮುಂದಿನ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು.

ಶನಿವಾರ: ಬೆಳಗಿನ ಸುತ್ತು

ಬೆಳಗ್ಗೆ ಏಳು ಗಂಟೆಯೊಳಗೆ ಹೊರಟರೆ ಗಾಂಧಿಬಜಾರು ಅದರ ನಿಜವಾದ ರೂಪದಲ್ಲಿ ಕಾಣಸಿಗುತ್ತದೆ. ಸೇವಂತಿಗೆ, ಕನಕಾಂಬರಗಳ ರಾಶಿ, ಬಾಳೆ ಎಲೆಯ ಕಟ್ಟು, ಕಾರ್ತೀಕವಾದ್ದರಿಂದ ನೆಲ್ಲಿಯ ಕೊಂಬೆ, ಮಣ್ಣಿನ ಹಣತೆ. ಇವುಗಳ ನಡುವೆ ಹಾದುಹೋಗುವುದೇ ಒಂದು ಸಂತೋಷ. 1943ರಲ್ಲಿ ತೆರೆದ ವಿದ್ಯಾರ್ಥಿ ಭವನದ ಬಾಗಿಲಲ್ಲಿ ದೋಸೆಗಾಗಿ ಕಾಯುವವರ ಸಾಲು ಆ ಹೊತ್ತಿಗಾಗಲೇ ಬೆಳೆದಿರುತ್ತದೆ. ಶುಕ್ರವಾರ ಅದಕ್ಕೆ ವಾರದ ರಜೆಯಾದ್ದರಿಂದ ಶನಿವಾರದ ಸಾಲು ಸ್ವಲ್ಪ ಉದ್ದವೇ. ಕಾಯುವ ತಾಳ್ಮೆಯುಳ್ಳವರು ಕಾಯಬಹುದು. ಇಲ್ಲದವರಿಗೆ ಬಸವನಗುಡಿಯಲ್ಲಿ ಕಾಫಿಗೇನೂ ಬರಗಾಲವಿಲ್ಲ.

ಅಲ್ಲಿಂದ ಬುಲ್ ಟೆಂಪಲ್ ರಸ್ತೆಗೆ ಬಂದು ಕಹಳೆ ಬಂಡೆಯನ್ನು ಏರಬೇಕು. ಹಿಂದೆ ಕಾವಲುಗಾರರು ಈ ಎತ್ತರದಲ್ಲಿ ನಿಂತು ಕಹಳೆ ಊದುತ್ತಿದ್ದರೆಂದು ಹೇಳುತ್ತಾರೆ. ಹೆಸರು ಬಂದದ್ದು ಅದರಿಂದ. ಈಗ ಅಲ್ಲಿ ಉದ್ಯಾನವಿದೆ, ಡಿ. ವಿ. ಗುಂಡಪ್ಪನವರ ಪ್ರತಿಮೆಯಿದೆ, ಹಳೆಯ ಮರಗಳಲ್ಲಿ ತಲೆಕೆಳಗಾಗಿ ಜೋತುಬಿದ್ದ ಬಾವಲಿಗಳಿವೆ. ಮಕ್ಕಳಿಗೆ ಪ್ರತಿಮೆಗಿಂತ ಬಾವಲಿಗಳೇ ಹೆಚ್ಚು ಇಷ್ಟವಾಗುವುದರಲ್ಲಿ ಆಶ್ಚರ್ಯವಿಲ್ಲ.

ಬಂಡೆಯಿಂದ ಇಳಿಯುವಾಗ ಕೆಳಗಿನ ರಸ್ತೆಯನ್ನು ಗಮನಿಸಬೇಕು. ಪರಿಷೆಯ ಮುಖ್ಯ ದಿನ ಸೋಮವಾರವಾದರೂ, ವ್ಯಾಪಾರಿಗಳೂ ರೈತರೂ ಎರಡು ಮೂರು ದಿನ ಮೊದಲೇ ಬಂದು ಜಾಗ ಹಿಡಿಯುತ್ತಾರೆ. ಕೋಲಾರ, ಚಿಂತಾಮಣಿ, ಶ್ರೀನಿವಾಸಪುರ, ಮಾಗಡಿ, ದೊಡ್ಡಬಳ್ಳಾಪುರದ ಕಡೆಗಳಿಂದಲೂ, ನೆರೆಯ ಆಂಧ್ರ ತಮಿಳುನಾಡುಗಳಿಂದಲೂ ಮೂಟೆಗಳು ಇಳಿಯುತ್ತವೆ. ಗೋಣಿಯ ತಾಟು ಹಾಸಿ, ಅದರ ಮೇಲೆ ಕಾಯಿಯನ್ನು ಸುರಿದು ಗೋಪುರ ಮಾಡಿ, ಪಕ್ಕದಲ್ಲಿಯೇ ಕಂಬಳಿ ಸುತ್ತಿಕೊಂಡು ಮಲಗುತ್ತಾರೆ. ಇದೇನೂ ಬೇಸಗೆಯ ರಾತ್ರಿಯಲ್ಲ. ಈ ತಿಂಗಳಲ್ಲಿ ಬೆಂಗಳೂರಿನ ರಾತ್ರಿ 17-18 ಡಿಗ್ರಿಗೆ ಇಳಿಯುವುದುಂಟು, ಹಿಂಗಾರಿನ ಮಳೆ ಹೇಳದೆ ಕೇಳದೆ ಬರುವುದೂ ಉಂಟು.

ಭಾನುವಾರ: ಮಕ್ಕಳೊಡನೆ

ಭಾನುವಾರ ದೇವಸ್ಥಾನಗಳಿಗೆ ಮೀಸಲು. ಸೋಮವಾರದ ನೂಕುನುಗ್ಗಲಿನಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡು ದರ್ಶನ ಮಾಡುವುದಕ್ಕಿಂತ ಹಿಂದಿನ ದಿನವೇ ಹೋಗುವುದು ಜಾಣತನ. ದೊಡ್ಡ ಗಣಪತಿ ಸುಮಾರು 18 ಅಡಿ ಎತ್ತರ, 16 ಅಡಿ ಅಗಲದ ಏಕಶಿಲೆಯ ಮೂರ್ತಿ. ಬೆಣ್ಣೆಯ ಅಲಂಕಾರಕ್ಕೆ ಹೆಸರಾದದ್ದು. ಮೆಟ್ಟಿಲೇರಿ ಮೇಲೆ ಹೋದರೆ ಬಸವಣ್ಣ. ಎತ್ತರ ಸುಮಾರು 15 ಅಡಿ, ಉದ್ದ ಸುಮಾರು 20 ಅಡಿ. ಎಣ್ಣೆಯನ್ನೂ ಕಾಡಿಗೆಯನ್ನೂ ಉಂಡು ಉಂಡು ಕರ್ರಗೆ ಹೊಳೆಯುವ ಕಲ್ಲು.

ಗುಡಿ ಕಟ್ಟಿಸಿದವನು ಕೆಂಪೇಗೌಡನೆಂದು ಪ್ರತೀತಿ. ಪರಿಷೆಯ ಕಥೆಯನ್ನು ಮಕ್ಕಳಿಗೆ ಇಲ್ಲಿಯೇ ಹೇಳುವುದು ಲೇಸು. ರಾತ್ರಿಯ ಹೊತ್ತು ಒಂದು ಬಸವ ಬಂದು ಹೊಲದ ಕಡಲೆಯನ್ನೆಲ್ಲ ಮೇಯುತ್ತಿತ್ತಂತೆ. ರೈತ ಕಾದು ಕುಳಿತು ದೊಣ್ಣೆಯಿಂದ ಹೊಡೆದನಂತೆ. ಬಸವ ನಿಂತಲ್ಲಿಯೇ ಕಲ್ಲಾಯಿತು. ಕಲ್ಲಾದ ಮೇಲೂ ಬೆಳೆಯುತ್ತಲೇ ಹೋಯಿತು. ಹೆದರಿದ ರೈತರು ಶಿವನ ಮೊರೆ ಹೊಕ್ಕು, ತಲೆಯ ಮೇಲೆ ತ್ರಿಶೂಲವನ್ನು ನೆಟ್ಟು, ವರ್ಷವರ್ಷವೂ ಮೊದಲ ಬೆಳೆಯನ್ನು ಬಸವಣ್ಣನಿಗೆ ಒಪ್ಪಿಸುವುದಾಗಿ ಹರಕೆ ಹೊತ್ತರು. ಹರಕೆಯೇ ಪರಿಷೆಯಾಯಿತು.

ಚುರುಕು ಬುದ್ಧಿಯ ಹುಡುಗನೊಬ್ಬ ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆಯೆಂದು ಪಾಠದಲ್ಲಿದೆ. ಕೊಲಂಬಸನು 1492ರಲ್ಲಿ ಹಡಗು ಹತ್ತಿದ ಮೇಲೆಯೇ ಅದು ಉಳಿದ ಖಂಡಗಳಿಗೆ ಹರಡಿತು. ಕೆಂಪೇಗೌಡ 1537ರಲ್ಲಿ ಕೋಟೆ ಕಟ್ಟುವಷ್ಟರಲ್ಲಿ ಅದು ಸುಂಕೇನಹಳ್ಳಿಯ ಹೊಲಕ್ಕೆ ಬಂದಿತ್ತೇ? ಪ್ರಶ್ನೆ ನ್ಯಾಯವಾದುದೇ. ಕಥೆಯ ಹೊಲದಲ್ಲಿ ಮೊದಲು ಬೇರೆ ಯಾವುದೋ ಕಾಳು ಬೆಳೆದಿದ್ದು, ರೈತರು ಬೆಳೆಯನ್ನು ಬದಲಿಸಿದಾಗ ಕಥೆಯೂ ಬೆಳೆಯನ್ನು ಬದಲಿಸಿಕೊಂಡಿರಬಹುದು. ಕಥೆಯ ತಿರುಳು ಕಾಳಿನ ಹೆಸರಿನಲ್ಲಿಲ್ಲ. ಹಸಿದು ಬಂದದ್ದನ್ನು ಹೊಡೆದು ಓಡಿಸಿದವನಿಗೆ ಆಮೇಲೆ ಪಶ್ಚಾತ್ತಾಪವಾಯಿತು ಎಂಬುದರಲ್ಲಿದೆ.

ಗಿಡದ ಕಥೆ ಇದಕ್ಕಿಂತಲೂ ಸೋಜಿಗ. ಪರಿಷೆಯಲ್ಲಿ ಬುಡಸಮೇತ ಕಿತ್ತು ತಂದ ಗಿಡ ಕಂಡರೆ ಮಕ್ಕಳಿಗೆ ತೋರಿಸಬೇಕು. ಹಳದಿಯ ಹೂವು ನೆಲದ ಮೇಲೆ ಅರಳುತ್ತದೆ. ಅದು ಬಾಡಿದ ಮೇಲೆ ಅದರ ಬುಡದಿಂದ ಒಂದು ಕಡ್ಡಿ ಕೆಳಮುಖವಾಗಿ ಬೆಳೆದು ಮಣ್ಣನ್ನು ಹೊಗುತ್ತದೆ. ಕಾಯಿ ಕಟ್ಟುವುದು ಮಣ್ಣಿನೊಳಗೆ, ಕತ್ತಲಲ್ಲಿ. ಅದು ಬೇರಲ್ಲ, ಗೆಡ್ಡೆಯೂ ಅಲ್ಲ. ಅವರೆ ತೊಗರಿಗಳ ಕುಲಕ್ಕೆ ಸೇರಿದ ಕಾಯಿ. ಮುಂಗಾರಿನಲ್ಲಿ ಬಿತ್ತಿದ್ದು ಬಲಿಯಲು ಸುಮಾರು ನಾಲ್ಕು ತಿಂಗಳು ಬೇಕು. ಕಾರ್ತೀಕದಲ್ಲಿ ಪರಿಷೆ ಏಕೆಂಬುದಕ್ಕೆ ಹೊಲದ ಪಂಚಾಂಗವೇ ಉತ್ತರ ಕೊಡುತ್ತದೆ.

ಹೊತ್ತಿದ್ದವರು ಸಂಜೆ ಗವಿಪುರದ ಗಂಗಾಧರೇಶ್ವರನ ಗುಹಾಲಯಕ್ಕೆ ಹೋಗಬಹುದು. ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೋಡುಗಳ ನಡುವೆ ಹಾದು ಲಿಂಗವನ್ನು ಮುಟ್ಟುವ ಸ್ಥಳವದು. ಆ ನೋಟಕ್ಕೆ ಇನ್ನೂ ದಿನಗಳಿವೆ. ಆದರೆ ಅಂಗಳದಲ್ಲಿರುವ ಸೂರ್ಯಪಾನ ಚಂದ್ರಪಾನಗಳೆಂಬ ಕಲ್ಲಿನ ಬಿಲ್ಲೆಗಳನ್ನು ಜನಸಂದಣಿಯಿಲ್ಲದಾಗ ನೋಡುವುದೇ ಚೆನ್ನ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ವಾಸವಾಗಿದ್ದುದು ಈ ಗವಿಪುರದಲ್ಲಿಯೇ ಎಂಬುದನ್ನು ಸಾಹಿತ್ಯಾಸಕ್ತರು ನೆನೆಯದಿರಲಾರರು.

ಸೋಮವಾರ: ಪರಿಷೆ

ಕಡೆಯ ಕಾರ್ತೀಕ ಸೋಮವಾರ ಬಂಡಿಯಾಗಲಿ ಕಾರಾಗಲಿ ಬಸವನಗುಡಿಗೆ ಬೇಡ. 2017ರ ಜೂನ್ ತಿಂಗಳಿನಿಂದ ಮೆಟ್ರೋ ರೈಲು ನ್ಯಾಷನಲ್ ಕಾಲೇಜಿನ ಬಳಿ ನಿಲ್ಲುತ್ತದೆ. ಅಲ್ಲಿಂದ ನಡೆದು ಬರುವುದು ಕಷ್ಟವೇನಲ್ಲ. ನಡೆಯದೆ ಪರಿಷೆಯನ್ನು ನೋಡುವುದು ಸಾಧ್ಯವೂ ಅಲ್ಲ.

ಆ ದಿನ ಬುಲ್ ಟೆಂಪಲ್ ರಸ್ತೆಯ ಎರಡು ಮಗ್ಗುಲಲ್ಲಿಯೂ ಕಣ್ಣು ಹಾಯುವಷ್ಟು ದೂರ ಕಡಲೆಕಾಯಿ. ಹಸಿಯದು, ಒಣಗಿದ್ದು, ಹುರಿದದ್ದು, ಬೇಯಿಸಿದ್ದು. ಎರಡು ಬೀಜದ್ದು, ಮೂರು ಬೀಜದ್ದು. ಸಿಪ್ಪೆ ಕೆಂಪಾದದ್ದು, ತೆಳುಗುಲಾಬಿಯದು. ನಡುನಡುವೆ ಬೆಂಡು ಬತ್ತಾಸು, ಕಡಲೆಪುರಿ, ಕಲ್ಯಾಣಸೇವೆ, ಬಣ್ಣದ ಬಳೆ, ಮಣ್ಣಿನ ಮಡಕೆ, ತಿರುಗುವ ತೊಟ್ಟಿಲು, ಪೀಪಿ. ಮೊದಲ ಕಾಯಿ ಬಸವಣ್ಣನಿಗೆ ಅರ್ಪಣೆಯಾದ ಮೇಲೆ ವ್ಯಾಪಾರಕ್ಕೆ ಕಳೆಯೇರುತ್ತದೆ. ಹಿಂದೆ ಒಂದೆರಡು ದಿನದ ಜಾತ್ರೆಯಾಗಿದ್ದುದು ಈಚಿನ ವರ್ಷಗಳಲ್ಲಿ ಇನ್ನೂ ಕೆಲವು ದಿನ ಹಿಗ್ಗಿದೆ. ಕೆಂಪಾಂಬುಧಿ ಕೆರೆಯಲ್ಲಿ ತೆಪ್ಪೋತ್ಸವವನ್ನೂ ನಡೆಸಿರುವುದುಂಟು.

ನೀರಿನ ಮಾತು ಬಂದಾಗ ಇನ್ನೊಂದನ್ನು ಮರೆಯಲಾಗದು. ವೃಷಭಾವತಿ ನದಿ ಈ ಬಸವಣ್ಣನ ಪಾದದಲ್ಲಿ ಹುಟ್ಟಿತೆಂಬುದು ಇಲ್ಲಿಯ ನಂಬಿಕೆ. ಹುಟ್ಟಿದ ಕಡೆ ಪೂಜೆ ಪಡೆಯುವ ಆ ನದಿ ಕೆಲವು ಮೈಲಿ ಹರಿಯುವಷ್ಟರಲ್ಲಿ ನಗರದ ಕೊಳಚೆಯನ್ನು ಹೊತ್ತ ಕಾಲುವೆಯಾಗುತ್ತದೆ. ಜಾತ್ರೆಯ ಮಾರನೆಯ ದಿನ ರಸ್ತೆಯಲ್ಲಿ ಹಾರಾಡುವ ಪ್ಲಾಸ್ಟಿಕ್ ಚೀಲಗಳು ಮಳೆ ಬಂದರೆ ಮೋರಿಯನ್ನು ಸೇರುತ್ತವೆ. ಮೋರಿಯಿಂದ ಮುಂದಿನ ದಾರಿ ಎಲ್ಲಿಗೆಂದು ಹೇಳಬೇಕಾಗಿಲ್ಲ. ಮನೆಯಿಂದ ಎರಡು ಬಟ್ಟೆಯ ಚೀಲಗಳನ್ನು ಕೊಂಡೊಯ್ದರೆ ಅದು ಸಣ್ಣ ಕೆಲಸವೆನಿಸಬಹುದು. ಬಸವಣ್ಣನಿಗೆ ಸಲ್ಲುವ ಸೇವೆಯಲ್ಲಿ ಅದೂ ಒಂದು.

ಮಂಗಳವಾರ: ಬೆಲೆಯ ಮಾತು

ಪರಿಷೆಗೆ ಬರುವ ಸಂಸಾರಸ್ಥನಿಗೆ ಎರಡು ಸುಖಗಳು. ಒಂದು ಕಡಲೆಕಾಯಿ ತಿನ್ನುವುದು, ಇನ್ನೊಂದು ಚೌಕಾಸಿ ಮಾಡುವುದು. ಎರಡನೆಯದರಲ್ಲಿ ಕೆಲವರಿಗೆ ಮೊದಲನೆಯದಕ್ಕಿಂತಲೂ ರುಚಿ ಹೆಚ್ಚು. ಹತ್ತು ರೂಪಾಯಿ ಇಳಿಸಿದ ಮೇಲೂ ಸಮಾಧಾನವಾಗದೆ, ಅಳೆದಾದ ಮೇಲೆ ಒಂದು ಹಿಡಿ ಕೊಸರು ಬೇಕು. ಕೊಸರು ಹಾಕಿಸಿಕೊಂಡ ಮೇಲೆ ಮಗುವಿನ ಕೈಗೆಂದು ಇನ್ನೊಂದು ಹಿಡಿ ಬೇಕು. ದೊಡ್ಡ ಅಂಗಡಿಯಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಹೋಗಿ, ಹೊಳೆಯುವ ಪೊಟ್ಟಣದ ಮೇಲೆ ಅಚ್ಚಾದ ಬೆಲೆಯನ್ನು ಮಾತಿಲ್ಲದೆ ಕೊಟ್ಟು ಬರುವವರೂ ಇವರೇ. ಬೆಲೆ ಅಚ್ಚಾಗಿದ್ದರೆ ಅದು ಶಾಸನ, ಬಾಯಿಂದ ಬಂದರೆ ಅದು ಸುಳ್ಳು ಎಂಬ ನಂಬಿಕೆ ನಗರವಾಸಿಗಳಲ್ಲಿ ಬೇರೂರಿದೆ.

ಆ ಸೇರಿನ ಹಿಂದೆ ಏನೇನಿದೆಯೆಂದು ಎಣಿಸಿ ನೋಡಬಹುದು. ಬಿತ್ತನೆಯ ಬೀಜವೇ ದುಬಾರಿ, ಏಕೆಂದರೆ ಬಿತ್ತುವುದೂ ತಿನ್ನುವ ಕಾಳನ್ನೇ. ಮಳೆ ತಡವಾದರೆ ಹೂವು ಉದುರುತ್ತದೆ. ಹೂವಿಳಿದ ಮೇಲೆ ನೆಲ ಗಟ್ಟಿಯಾದರೆ ಕಡ್ಡಿ ಮಣ್ಣಿಗಿಳಿಯುವುದಿಲ್ಲ. ಬಲಿತ ಮೇಲೆ ಮಳೆ ಹೆಚ್ಚಾದರೆ ಕಾಯಿ ನೆಲದೊಳಗೇ ಮೊಳಕೆಯೊಡೆಯುತ್ತದೆ. ಇಷ್ಟನ್ನೂ ದಾಟಿ ಬಂದ ಗಿಡವನ್ನು ಬುಡಸಮೇತ ಕೀಳಬೇಕು. ಅನೇಕ ಹಳ್ಳಿಗಳಲ್ಲಿ ಒಂದೊಂದು ಕಾಯನ್ನೂ ಕೈಯಿಂದಲೇ ಬಿಡಿಸುತ್ತಾರೆ, ಬಿಡಿಸುವವರು ಬಹುಮಟ್ಟಿಗೆ ಹೆಂಗಸರು. ಆಮೇಲೆ ಒಣಗಿಸುವುದು. ನೆಲದಿಂದ ಆಗತಾನೆ ಕಿತ್ತ ಕಾಯಿಯ ತೂಕದಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿ ನೀರೇ ಇರುತ್ತದೆ. ಒಣಗಿದ ಕಾಯಿಗೆ ಹೆಚ್ಚು ಬೆಲೆಯೆಂದು ಗೊಣಗುವವರು, ಒಣಗುವಾಗ ಆವಿಯಾದದ್ದು ರೈತನ ತೂಕವೆಂಬುದನ್ನು ಮರೆಯಬಾರದು. ಇದರ ಮೇಲೆ ಗೋಣಿ, ಲಾರಿಯ ಬಾಡಿಗೆ, ರಸ್ತೆಯ ಬದಿಯಲ್ಲಿ ಮೂರು ರಾತ್ರಿ.

ಚೌಕಾಸಿಯೇ ಕೂಡದೆಂದರೆ ಪರಿಷೆಯ ಮಾತುಕತೆ ಕಡಮೆಯಾದೀತು. ಬೆಲೆ ಕೇಳಬೇಕು, ನಾಲ್ಕು ಕಡೆ ವಿಚಾರಿಸಬೇಕು, ಮಾತಾಡಬೇಕು. ಮೂಟೆಗಟ್ಟಲೆ ತಂದ ವ್ಯಾಪಾರಿಯೊಡನೆ ಬೇಕಾದರೆ ಕಾದಾಡಲೂಬಹುದು. ಆದರೆ ಒಂದೇ ಗುಡ್ಡೆಯ ಹಿಂದೆ ಕುಳಿತ ಮುದುಕಿಯೊಡನೆ ಗೆದ್ದ ಹತ್ತು ರೂಪಾಯಿ ಯಾವ ಗೃಹಸ್ಥನನ್ನೂ ಶ್ರೀಮಂತನನ್ನಾಗಿ ಮಾಡಿದ್ದಿಲ್ಲ. ಪಕ್ಕದಲ್ಲಿ ನಿಂತ ಮಗು ಈ ವ್ಯವಹಾರವನ್ನೆಲ್ಲ ನೋಡುತ್ತಿರುತ್ತದೆ. ಅದು ದೇವಸ್ಥಾನದಲ್ಲಿ ಕೇಳಿದ ಬಸವಣ್ಣನ ಕಥೆಯನ್ನೂ, ಬೀದಿಯಲ್ಲಿ ಕಂಡ ತಂದೆಯ ನಡವಳಿಕೆಯನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ತನ್ನದೇ ಲೆಕ್ಕ ಹಾಕುತ್ತದೆ.

ಬೆಲೆಯಷ್ಟೇ ಮುಖ್ಯವಾದದ್ದು ನೀರು. ಹಳೆಯ ಬಸವನಗುಡಿಯ ಮನೆಗಳಿಗೆ ಜಗಲಿಯಿತ್ತು, ದಣಿದವರು ಕೂಡಬಹುದಾಗಿತ್ತು. ಜಗಲಿಗಳು ಹೋಗಿ ಎತ್ತರದ ಕಟ್ಟಡಗಳೂ ಕಬ್ಬಿಣದ ಬಾಗಿಲುಗಳೂ ಬಂದಿವೆ. ಮನೆಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಹೆಂಗಸೊಬ್ಬಳು ಮೂರು ದಿನ ಬೀದಿಯಲ್ಲಿ ಕುಳಿತರೆ ಕುಡಿಯುವ ನೀರಿಗೂ ಶೌಚಕ್ಕೂ ಏನು ಮಾಡುತ್ತಾಳೆಂಬುದು ಯಾವ ಗೃಹಿಣಿಗೂ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಬಾಗಿಲಲ್ಲಿ ಒಂದು ಬಿಂದಿಗೆ ನೀರಿಡುವುದು, ಕೆಳಗಿನ ಮಹಡಿಯ ಹೊರಬಚ್ಚಲನ್ನು ಹೆಂಗಸರಿಗೆ ತೆರೆದಿಡುವುದು, ರಾತ್ರಿ ಮಳೆ ಬಂದರೆ ಮೂಟೆಯನ್ನು ಒಳಗಿಡಲು ಗಾಡಿಖಾನೆಯ ಒಂದು ಮೂಲೆಯನ್ನು ಕೊಡುವುದು: ಈ ವಾರ ಬಸವನಗುಡಿಯಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಇವು ಮೊದಲಿಗೆ ಬರತಕ್ಕವು.

ಬುಧವಾರ, ಗುರುವಾರ: ಸಂಜೆಯ ಸಭೆಗಳು

ಜಾತ್ರೆಯ ಗದ್ದಲ ಸಾಕೆನಿಸಿದವರಿಗೆ ಬಸವನಗುಡಿಯಲ್ಲಿ ಇನ್ನೊಂದು ಬಗೆಯ ಊಟವೂ ಸಿದ್ಧವಿದೆ. ಡಿ. ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲಿದೆ. ಅದೇ 1945ರಲ್ಲಿ ಬಿ. ಪಿ. ವಾಡಿಯಾ ದಂಪತಿಗಳು ಸ್ಥಾಪಿಸಿದ ವಿಶ್ವಸಂಸ್ಕೃತಿ ಸಂಸ್ಥೆ, ಇಂದು ವಾಡಿಯಾ ಅವರ ಹೆಸರನ್ನೇ ಹೊತ್ತ ರಸ್ತೆಯಲ್ಲಿದೆ. ಅದರ ಪುಸ್ತಕ ಭಂಡಾರದಲ್ಲಿ ಮಕ್ಕಳಿಗೇ ಒಂದು ವಿಭಾಗವುಂಟು. ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬುದನ್ನು ಹುಟ್ಟುಹಾಕಿ, ವಾರಕ್ಕೊಂದು ವಿಜ್ಞಾನದ ಉಪನ್ಯಾಸ ಜನಸಾಮಾನ್ಯರಿಗೆ ದೊರೆಯುವಂತೆ ಮಾಡಿದರು. ರಾಮಕೃಷ್ಣಾಶ್ರಮದ ಹಿಂಬದಿಯಲ್ಲಿ, 1911ರಲ್ಲಿ ಶ್ರೀ ಶಾರದಾದೇವಿಯವರು ಸೂರ್ಯಾಸ್ತವನ್ನು ನೋಡುತ್ತ ಕುಳಿತಿದ್ದ ಬಂಡೆಯಿದೆ. ಮೌನವೇ ಬೇಕೆನ್ನುವವರು ಅಲ್ಲಿಗೆ ಹೋಗಬಹುದು.

ಸಭೆಗಳ ಬಾಗಿಲಲ್ಲಿ ಟಿಕೀಟು ಕೇಳುವವರು ಸಾಮಾನ್ಯವಾಗಿ ಇರುವುದಿಲ್ಲ. ಹೊರಗಿನ ಫಲಕದಲ್ಲಿ ಆ ವಾರದ ವಿಷಯವನ್ನು ನೋಡಿಕೊಂಡು ಒಳಗೆ ಹೋಗಿ ಕೂಡಬಹುದು. ಹೀಗೆ ಬಿಟ್ಟಿಯಾಗಿ ದೊರೆಯುವುದರಿಂದಲೇ ಅದು ಅಗ್ಗವೆಂದು ಭಾವಿಸುವವರು ಬಹಳ. ಕುರ್ಚಿಗಳು ಖಾಲಿಯಾಗುತ್ತ ಹೋದ ಸಭಾಂಗಣ ಹೆಚ್ಚು ವರ್ಷ ಬಾಗಿಲು ತೆರೆದಿರಲಾರದು. ಕಡಲೆಕಾಯಿಗಾಗಲಿ ಉಪನ್ಯಾಸಕ್ಕಾಗಲಿ ಬರುವವರಿದ್ದರೆ ತರುವವರಿರುತ್ತಾರೆ. ಇದು ಎರಡಕ್ಕೂ ಒಂದೇ ನಿಯಮ.

ಮನೆಗೆ ತಂದ ಮೇಲೆ

ಮನೆಯಾಕೆಯರಿಗೆ ನಾಲ್ಕು ಮಾತು. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಬೀಜ ಗಲಗಲ ಎಂದರೆ ಒಣಗಿದ್ದು. ಸದ್ದಿಲ್ಲದೆ ತೂಕವಾಗಿದ್ದರೆ ಹಸಿಯದು. ಹಸಿಯ ಕಾಯಿಯನ್ನು ತಂದ ದಿನವೇ ಚೆನ್ನಾಗಿ ತೊಳೆದು ಉಪ್ಪು ಹಾಕಿ ಬೇಯಿಸುವುದು ಒಳ್ಳೆಯದು; ಬೆಂದ ಮೇಲೆ ಅದೇ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಉಪ್ಪು ಒಳಗಿಳಿಯುತ್ತದೆ. ಇಟ್ಟುಕೊಳ್ಳಬೇಕಾದದ್ದನ್ನು ಬಿಸಿಲಿನಲ್ಲಿ ತೆಳುವಾಗಿ ಹರವಿ ಪೂರ್ತಿ ಒಣಗಿಸಿ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿಡಬೇಕು. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ವಿಷ ಪಿತ್ತಜನಕಾಂಗಕ್ಕೆ ಕೇಡು ಮಾಡುವಂಥದು, ಹುರಿದರೂ ಪೂರ್ತಿ ಹೋಗದು. ಮುರುಟಿದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಜಿಪುಣತನ ಮಾಡದೆ ಎಸೆದುಬಿಡಬೇಕು. ಸಿಪ್ಪೆಯನ್ನು ಮಾತ್ರ ಎಸೆಯಬೇಕಾಗಿಲ್ಲ. ಹೂಕುಂಡದ ಮಣ್ಣಿನ ಮೇಲೆ ಹಾಸಿದರೆ ತೇವ ಹಿಡಿದಿಟ್ಟು ಕ್ರಮೇಣ ಗೊಬ್ಬರವಾಗುತ್ತದೆ. ಬೀಜದ ತೂಕದಲ್ಲಿ ಸುಮಾರು ಕಾಲುಭಾಗ ಸಸಾರಜನಕ, ಅರ್ಧದಷ್ಟು ಎಣ್ಣೆ. ಬಡವರ ಬಾದಾಮಿಯೆಂದು ಹೆಸರು ಬಂದದ್ದು ಸುಮ್ಮನೆ ಅಲ್ಲ.

ಕೊನೆಯ ಸಂಜೆ

ಪರಿಷೆಯ ಮೊದಲ ದಿನ ಹೋಗುವವರು ಬಹಳ, ಕೊನೆಯ ದಿನ ಹೋಗುವವರು ಕಡಮೆ. ಸಾಧ್ಯವಾದವರು ಎರಡು ಸಾರಿಯೂ ಹೋಗಬೇಕು. ಕೊನೆಯ ಸಂಜೆ ದೀಪಗಳನ್ನು ಇಳಿಸುತ್ತಿರುತ್ತಾರೆ, ತೊಟ್ಟಿಲನ್ನು ಬಿಚ್ಚುತ್ತಿರುತ್ತಾರೆ, ದೊಡ್ಡ ವ್ಯಾಪಾರಿಗಳು ಆಗಲೇ ಹೊರಟುಹೋಗಿರುತ್ತಾರೆ. ಆಗಲೂ ಗೋಣಿಯ ಹಿಂದೆ ಕುಳಿತಿರುವವರು ಮಾರಾಟವಾಗದ ಮಾಲಿನವರು, ವಾಪಸು ಲಾರಿಯ ಬಾಡಿಗೆಯನ್ನು ಮನಸ್ಸಿನಲ್ಲಿಯೇ ಎಣಿಸುತ್ತಿರುವವರು. ಅವರು ಆ ಹೊತ್ತಿನಲ್ಲಿ ಹೇಳುವ ಬೆಲೆ ತಾನಾಗಿಯೇ ಇಳಿದಿರುತ್ತದೆ. ಅಂದು ಎರಡು ಸೇರು ಹೆಚ್ಚಾಗಿ ಅಳೆಯಿಸಿಕೊಂಡು, ಮೊದಲ ದಿನದ ಬೆಲೆಯನ್ನೇ ಕೊಟ್ಟು ಬರುವ ಗೃಹಸ್ಥನಿಗೆ ಮನೆಯಲ್ಲಿ ಏನಾದರೂ ಮಾತು ಕೇಳಿಬಂದರೆ, ನೆರೆಮನೆಗಳಿಗೆ ಒಂದೊಂದು ಪಾವು ಹಂಚಿದರಾಯಿತು. ಮುಂದಿನ ಕಾರ್ತೀಕದಲ್ಲಿ ಆ ಗೋಣಿ ಅದೇ ಜಾಗದಲ್ಲಿ ಹಾಸಿರಬೇಕಾದರೆ ಈ ಸಂಜೆಯ ಆ ಎರಡು ಸೇರು ಬೇಕು.